ಪ್ಯಾಂಡಾಕ್ ಮಾರ್ಕ್‌ಡೌನ್‌ನಲ್ಲಿ ಕೋಡ್ ಬ್ಲಾಕ್ ಅರ್ಧಕ್ಕೇ ಮುಗಿಯುತ್ತದೆ, ಕನ್ನಡ ಕಾಮೆಂಟ್ ಮಾಯವಾಗುತ್ತದೆ. ಏನು ಮಾಡಲಿ?

ನಾನು ಶಿರಸಿಯಲ್ಲಿ ಕಾಲೇಜು ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ನೋಟ್ಸ್ ಎಲ್ಲ ಪ್ಯಾಂಡಾಕ್‌ನಲ್ಲೇ (ಮಾರ್ಕ್‌ಡೌನ್ ಎಂಬ ಸರಳ ಗುರುತುಗಳಲ್ಲಿ ಬರೆದದ್ದನ್ನು ಪಿಡಿಎಫ್‌ನಂಥ ರೂಪಕ್ಕೆ ತರುವ ತಂತ್ರಾಂಶ ಅದು). ಕಾರವಾರದಲ್ಲಿ ಕೂತು ನೀವು ಪಡುತ್ತಿರುವ ಈ ಎರಡೂ ಪಾಡನ್ನು ನಾನೂ ಪಟ್ಟಿದ್ದೇನೆ.

ಮೊದಲನೆಯದು ಸುಲಭ. ಕೋಡಿನ ಮೇಲೆ, ಕೆಳಗೆ ಹಾಕುವ ಮೂರು ಬ್ಯಾಕ್‌ಟಿಕ್ (` ಚಿಹ್ನೆ) ಒಂದು ಬೇಲಿ ಇದ್ದಂತೆ. ಕೋಡ್ ಬ್ಲಾಕ್ ಬರೆಯುವುದು ಹೇಗೆ ಅಂತಲೇ ಮಕ್ಕಳಿಗೆ ತೋರಿಸುವಾಗ ಒಳಗೂ ಅದೇ ಮೂರು ಬರುತ್ತದೆ, ಅಲ್ವಾ? ಒಳಗಿನ ಆ ಬರೀ ಮೂರು ಕಂಡಲ್ಲಿಗೇ ಹೊರಗಿನ ಬೇಲಿ ಮುಗಿಯಿತು ಅಂತ ಪ್ಯಾಂಡಾಕ್ ತಿಳಿಯುತ್ತದೆ. ಹಾಗಾಗಿ ಹೊರಗೆ ನಾಲ್ಕು ಹಾಕಿ:

````
```
# ಚಾಲಿ ಅಡಿಕೆ, ಕ್ವಿಂಟಲ್ ಲೆಕ್ಕ
ತೂಕ = 12
ಮೊತ್ತ = ತೂಕ * ದರ
```
````

ಮುಚ್ಚುವ ಬೇಲಿ ತೆರೆದ ಬೇಲಿಯಷ್ಟಾದರೂ ಉದ್ದ ಇರಬೇಕು, ನಿಯಮ ಅಷ್ಟೇ. ಬ್ಯಾಕ್‌ಟಿಕ್ ಬದಲು ~~~ ಹಾಕಿದರೂ ನಡೆಯುತ್ತದೆ. ತೆರೆಯುವ ಬೇಲಿಯ ಪಕ್ಕ ಭಾಷೆಯ ಹೆಸರು ಬರೆದರೆ ಕೋಡಿಗೆ ಬಣ್ಣವೂ ಬರುತ್ತದೆ. (ಪೈಥಾನ್ 3ರಲ್ಲಿ ಮೇಲಿನಂತೆ ಕನ್ನಡ ಹೆಸರುಗಳೂ ನಡೆಯುತ್ತವೆ. ಮೊದಲ ವಾರ ನಾನು ಹೀಗೇ ಶುರುಮಾಡುತ್ತೇನೆ. ಅಡಿಕೆ ಲೆಕ್ಕ ನಮ್ಮ ಮಕ್ಕಳಿಗೆ ಮನೆಯದ್ದೇ.)

ಇನ್ನು ಮಾಯವಾಗುವ ಕನ್ನಡ. ಪಾಠದ ಸಾಲುಗಳು ಸರಿ ಬಂದು ಕೋಡ್ ಒಳಗಿನದು ಮಾತ್ರ ಹೋಗುತ್ತಿದ್ದರೆ ಕಾರಣ ಫಾಂಟ್. ನೀವು ಮೇನ್‌ಫಾಂಟ್ (ಪಾಠದ ಸಾಲುಗಳ ಫಾಂಟ್) ಕೊಟ್ಟಿರುತ್ತೀರಿ, ಆದರೆ ಕೋಡ್ ಬ್ಲಾಕ್ ಬಳಸುವುದು ಮೊನೊಫಾಂಟ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್). ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಪಿಡಿಎಫ್ ಮಾಡುವಾಗ ಕೆಲಸ ನಿಲ್ಲುವುದೂ ಇಲ್ಲ. ಒಂದು ಎಚ್ಚರಿಕೆಯ ಸಾಲು ತೋರಿಸಿ, ಅಕ್ಷರದ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಆ ಸಾಲನ್ನು ನಾನು ಎಷ್ಟೋ ದಿನ ಓದಿಯೇ ಇರಲಿಲ್ಲ.

ಪಿಡಿಎಫ್ ಎಂಜಿನ್ (ಪ್ಯಾಂಡಾಕ್‌ಗಾಗಿ ಪಿಡಿಎಫ್ ತಯಾರಿಸುವ ತಂತ್ರಾಂಶ) ಲುವಾಲಾಟೆಕ್ ಇಟ್ಟುಕೊಳ್ಳಿ. ಫೈಲಿನ ತಲೆಯಲ್ಲಿ ಮೊನೊಫಾಂಟ್‌ಫಾಲ್‌ಬ್ಯಾಕ್ (monofontfallback, ಮೊನೊಫಾಂಟ್‌ನಲ್ಲಿ ಇಲ್ಲದ ಅಕ್ಷರಕ್ಕೆ ಬದಲಿ ಫಾಂಟ್) ಅಂತ ಒಂದೇ ಪದವಾಗಿ ಬರೆದು, ಅದರ ಕೆಳಗೆ ಪಟ್ಟಿಯಾಗಿ ನೋಟೊ ಸಾನ್ಸ್ ಕನ್ನಡ ಫಾಂಟಿನ ಹೆಸರು ಕೊಡಿ. ಹೆಸರಿನ ನಂತರ ಕೋಲನ್ ಇಟ್ಟು 'ಮೋಡ್=ಹಾರ್ಫ್' (mode=harf) ಸೇರಿಸಿ (ಇವೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ). ಒತ್ತಕ್ಷರ, ಕಾಗುಣಿತ ಸರಿಯಾಗಿ ಕೂರಿಸುವುದು ಹಾರ್ಫ್‌ಬಜ್, ಅದಕ್ಕೇ ಇದು ಬೇಕು. ಈ ಫಾಲ್‌ಬ್ಯಾಕ್ ಬೇರೆ ಎಂಜಿನ್‌ನಲ್ಲಿ ಕೆಲಸ ಮಾಡುವುದಿಲ್ಲ.

ದಯವಿಟ್ಟು ಇದು ಕಷ್ಟ ಅಂತ ಕಾಮೆಂಟ್‌ಗಳನ್ನು ಇಂಗ್ಲಿಷಿಗೆ ಬದಲಿಸಬೇಡಿ. ಹಳ್ಳಿಯಿಂದ ಬರುವ ಮಕ್ಕಳು ಕೋಡಿಗಿಂತ ಮೊದಲು ಆ ಸಾಲನ್ನೇ ಓದುತ್ತಾರೆ. ಒಂದು ಮಾತ್ರ ನೋಡಿಕೊಳ್ಳಿ: ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ. ಸ್ಪೇಸ್ ಒತ್ತಿ ಕಾಮೆಂಟ್‌ಗಳನ್ನು ಒಂದರ ಕೆಳಗೊಂದು ಜೋಡಿಸಲು ಹೋಗಬೇಡಿ. ಮೇಲಿನಂತೆ ಪ್ರತ್ಯೇಕ ಸಾಲಿನಲ್ಲೇ ಬರೆಯಿರಿ.