ಜೈಲಿನೊಳಗೆ ಪೋಸ್ಟ್‌ಗ್ರೆಸ್ ಏಳದಿದ್ದರೆ

ನಮಸ್ಕಾರ ಸರ್. ಗಂಗಾವತಿಯ ರೈಸ್ ಮಿಲ್ಲಿನ ಸರ್ವರ್‌ಗೆ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಹಾಕಿ, ಬಿಲ್ಲಿಂಗಿಗೆ ಒಂದು ಜೈಲು (ಅದೇ ಸಿಸ್ಟಮ್ಮಿನೊಳಗೆ ಬೇರೆಯಾಗಿ ಗೋಡೆ ಕಟ್ಟಿದ ಕೋಣೆ), ತೂಕದ ಕಾಟಾದ ಸಾಫ್ಟ್‌ವೇರ್‌ಗೆ ಇನ್ನೊಂದು ಜೈಲು ಮಾಡಿದ್ದೀರಿ. ಹೋಸ್ಟ್‌ನಲ್ಲಿ, ಅಂದ್ರೆ ಜೈಲುಗಳ ಹೊರಗಿನ ಮೂಲ ಸಿಸ್ಟಮ್‌ನಲ್ಲಿ, ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಿಲ್ಲಿಂಗ್ ಜೈಲಿನಲ್ಲಿ ಮಾತ್ರ 'ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್' ಅಂತ ನಿಲ್ಲುತ್ತದೆ, ಅಲ್ವಾ? ಪ್ಯಾಕೇಜ್ ಸರಿಯಾಗೇ ಇದೆ. ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ.

ಪೋಸ್ಟ್‌ಗ್ರೆಸ್ ಶುರುವಾಗುವಾಗ ಸಿಸ್ಟಮ್ ಫೈವ್ ಶೇರ್ಡ್ ಮೆಮೊರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಮೆಮೊರಿ) ಒಂದು ಚಿಕ್ಕ ತುಂಡು ಕೇಳುತ್ತದೆ. ಜೈಲಿಗೆ ಅದು ತಾನಾಗಿ ಸಿಗುವುದಿಲ್ಲ, ನಾವೇ ಕೊಡಬೇಕು. ಹಳೆಯ ಲೇಖನಗಳಲ್ಲಿ ಜೈಲಿನ ಸೆಟ್ಟಿಂಗಿನಲ್ಲಿ 'ಅಲೋ ಡಾಟ್ ಸಿಸ್‌ವಿಐಪಿಸಿ' ಹಾಕಿ ಅಂತಿರುತ್ತದೆ. ಅದರಿಂದಲೂ ಕೆಲಸ ಆಗುತ್ತದೆ. ಆದರೆ ಹೋಸ್ಟು, ಈ ಸೆಟ್ಟಿಂಗ್ ಕೊಟ್ಟ ಜೈಲುಗಳು ಎಲ್ಲಕ್ಕೂ ಒಂದೇ ಮೆಮೊರಿ ಜಾಗ ಆಗಿಬಿಡುತ್ತದೆ. ಗೋಡೆ ಕಟ್ಟಿ ಅದರಲ್ಲೇ ಕಿಂಡಿ ಕೊರೆದ ಹಾಗೆ. ನನಗಂತೂ ಇಷ್ಟ ಇಲ್ಲ.

ಫ್ರೀಬಿಎಸ್‌ಡಿ 11ರಿಂದ ಬೇರೆ ದಾರಿ ಇದೆ. ಹೋಸ್ಟ್‌ನಲ್ಲಿ ಜೈಲುಗಳ ಸೆಟ್ಟಿಂಗ್ ಇರುವ ಜೈಲ್ ಡಾಟ್ ಕಾನ್ಫ್ ಫೈಲಿನಲ್ಲಿ, ಬಿಲ್ಲಿಂಗ್ ಜೈಲಿನ ಬ್ರ್ಯಾಕೆಟ್ ಒಳಗೆ, ಸಿಸ್‌ವಿಎಸ್‌ಎಚ್‌ಎಂ (ಶೇರ್ಡ್ ಮೆಮೊರಿ), ಸಿಸ್‌ವಿಸೆಮ್ (ಪ್ರೋಗ್ರಾಂಗಳ ಸರದಿ ಕಾಯುವ ಸೆಮಾಫೋರ್) ಎರಡಕ್ಕೂ 'ನ್ಯೂ' ಅಂತ ಕೊಡಿ. ಸಾಲಿನ ಕೊನೆಗೆ ಸೆಮಿಕೋಲನ್ ಮರೀಬೇಡಿ. ಈಗ ಆ ಜೈಲಿಗೆ ಅದರದ್ದೇ ಜಾಗ ಸಿಗುತ್ತದೆ. ಬರೀ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಿದರೆ ಸಾಲದು, ಹೋಸ್ಟ್‌ನಿಂದ ಇಡೀ ಜೈಲನ್ನೇ ರೀಸ್ಟಾರ್ಟ್ ಮಾಡಿ.

ಕರೆಂಟ್ ಹೋಗಿ ಬಂದಾಗ ಜೈಲುಗಳು ತಾವಾಗಿ ಏಳಬೇಕಂದ್ರೆ ಹೋಸ್ಟ್ ಶುರುವಾಗುವಾಗ ಓದುವ ಆರ್‌ಸಿ ಡಾಟ್ ಕಾನ್ಫ್ ಫೈಲಿನಲ್ಲಿ 'ಜೈಲ್ ಎನೇಬಲ್' ಸಾಲಿಗೆ ಯೆಸ್ ಇರಲಿ.

ಅಪ್‌ಗ್ರೇಡ್ ಮಾಡುವಾಗ ಯಾವುದು ಮೊದಲು ಅಂತಲೂ ಕೇಳಿದ್ದೀರಿ. ಯಾವಾಗಲೂ ಹೋಸ್ಟ್ ಮೊದಲು. ಕರ್ನಲ್ (ಸಿಸ್ಟಮ್ಮಿನ ತಿರುಳು) ಇರುವುದು ಅದರದ್ದೊಂದೇ, ಜೈಲುಗಳೂ ಅದರ ಮೇಲೇ ಓಡುತ್ತವೆ. ಹೋಸ್ಟ್‌ನಲ್ಲಿ ಫ್ರೀಬಿಎಸ್‌ಡಿ 14, ಜೈಲಿನಲ್ಲಿ 13 ಆದರೆ ಸಾಮಾನ್ಯವಾಗಿ ನಡೆಯುತ್ತದೆ, ತಿರುಗುಮುರುಗು ಮಾಡಬೇಡಿ.