ಎರಡು ವಾರದಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ: ಡಾಕ್ಟರ ಹತ್ತಿರ ಹೋಗಬೇಕಾ?

ಜ್ವರ ಇಲ್ಲ, ನುಂಗಲು ತೊಂದರೆ ಇಲ್ಲ, ಬೆಳಿಗ್ಗೆ ಜಾಸ್ತಿ ಅಂದಿದ್ದೀರಿ ಅಲ್ವಾ, ಹಾಗಾದರೆ ಹೊಟ್ಟೆಯ ಆಸಿಡ್ ರಾತ್ರಿ ಗಂಟಲಿನವರೆಗೆ ಬರುತ್ತಿರಬಹುದು. ಎದೆಯುರಿ ಇಲ್ಲದೆಯೂ ಹೀಗಾಗುತ್ತದೆ, ನನಗೂ ಆಗಿತ್ತು. ಮೂಗಿನ ಹಿಂದಿನಿಂದ ಕಫ ಇಳಿದರೂ ಹೀಗೇ ಅನಿಸುತ್ತದೆ. ಗಂಟಲು ನೋಡದೆ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ.

ಮೊದಲು, ಮಲಗುವ 3 ಗಂಟೆ ಮುಂಚೆ ಊಟ ಮುಗಿಸಿ. ಆಮೇಲೆ ಮಂಚದ ತಲೆ ಕಡೆಯ ಕಾಲುಗಳನ್ನು ಸುಮಾರು 15 ಸೆಂಟಿಮೀಟರ್ ಎತ್ತರಿಸಿ. ಸುಮ್ನೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚಾಗುತ್ತದೆ, ಅಷ್ಟೇ. ಸಿಗರೇಟು ಇದ್ದರೆ ಬಿಡಿ. ಎಲ್ಲಕ್ಕಿಂತ ಮುಖ್ಯ, ಪದೇ ಪದೇ ಕ್ಯಾಕರಿಸಬೇಡಿ. ಕ್ಯಾಕರಿಸಿದಷ್ಟೂ ಗಂಟಲು ಕೆರಳುತ್ತದೆ, ಮತ್ತೆ ಕ್ಯಾಕರಿಸಬೇಕು ಅನಿಸುತ್ತದೆ. ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ. ಆ್ಯಂಟಿಬಯಾಟಿಕ್ ನೀವಾಗಿಯೇ ನುಂಗಬೇಡಿ.

3 ವಾರ ದಾಟಿದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಈಗಾಗಲೇ ದನಿ ಒಡೆದಿದ್ದರೆ, ಕತ್ತಿನಲ್ಲಿ ಗಂಟು, ಉಗುಳಿನಲ್ಲಿ ರಕ್ತ, ಒಂದೇ ಕಡೆ ಕಿವಿನೋವು ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಅಷ್ಟು ದಿನವೂ ಕಾಯಬೇಡಿ. ತಂಬಾಕು ಅಭ್ಯಾಸ ಇದ್ದರೂ ಅಷ್ಟೇ, ಬೇಗ ತೋರಿಸಿ. ಉಸಿರು ಕಟ್ಟಿದರೆ ಅಥವಾ ಎಂಜಲೂ ನುಂಗಲಾಗದಿದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.