ಗ್ಯೂಲ್ಸ್ ಅಂದ್ರೆ ಕೆಂಪು, ಆರ್ ಅಂದ್ರೆ ಚಿನ್ನ

ಪ್ರಶ್ನೆ: ಇಂಗ್ಲೆಂಡ್ ರಾಜರ ಲಾಂಛನದ ಬಗ್ಗೆ ಓದ್ತಿದ್ದಾಗ ‘ಗ್ಯೂಲ್ಸ್, ತ್ರೀ ಲಯನ್ಸ್ ಪಾಸಂಟ್ ಗಾರ್ಡಂಟ್ ಇನ್ ಪೇಲ್ ಆರ್’ ಅಂತ ಒಂದು ಸಾಲು ಸಿಕ್ತು. ಇದ್ಯಾವ ಭಾಷೆ? ಚಿತ್ರ ಪಕ್ಕದಲ್ಲೇ ಇರುವಾಗ ಈ ಸಾಲು ಯಾಕೆ ಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಆ ಸಾಲೇ ಅಸಲಿ ಕಣ್ರೀ, ಚಿತ್ರ ಅದನ್ನ ನೋಡಿ ಬರೆದದ್ದು. ಲಾಂಛನವನ್ನ ಮಾತಲ್ಲಿ ಹೇಳೋ ಇಂಥ ಸಾಲಿಗೆ ಬ್ಲೇಜನ್ ಅಂತಾರೆ. ವಾಕ್ಯ ಇಂಗ್ಲಿಷ್‌ದೇ, ಆದ್ರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ದೊಡ್ಡ ಮನೆತನದವರು ಎಷ್ಟೋ ಕಾಲ ಫ್ರೆಂಚೇ ಮಾತಾಡ್ತಿದ್ರಲ್ಲ, ಹಾಗಾಗಿ ಇದರ ವಿಶೇಷ ಪದಗಳು ಹೆಚ್ಚಾಗಿ ಹಳೇ ಫ್ರೆಂಚಿಂದ ಬಂದವು.

ಬಿಡಿಸಿ ನೋಡಿ, ತುಂಬಾ ಚೆಂದ ಇದೆ. ಮೊದಲು ಯಾವಾಗ್ಲೂ ಲಾಂಛನ ಬರೆಯೋ ಗುರಾಣಿಯ ಹಿನ್ನೆಲೆ ಬಣ್ಣ: ಗ್ಯೂಲ್ಸ್, ಕೆಂಪು. ಆಮೇಲೆ ಅದರ ಮೇಲೇನಿದೆ ಅನ್ನೋದು, ಮೂರು ಸಿಂಹ. ಪಾಸಂಟ್ ಅಂದ್ರೆ ಒಂದು ಮುಂಗಾಲೆತ್ತಿ ನಡೀತಿರೋದು, ಗಾರ್ಡಂಟ್ ಅಂದ್ರೆ ಮುಖ ನಮ್ಮ ಕಡೆ ತಿರುಗಿರೋದು, ಇನ್ ಪೇಲ್ ಅಂದ್ರೆ ಒಂದರ ಕೆಳಗೊಂದು, ಕೊನೇಲಿ ಆರ್, ಸಿಂಹಗಳ ಚಿನ್ನದ ಬಣ್ಣ. ಸ್ಕಾಟ್ಲೆಂಡ್ ಸಿಂಹ ಹಿಂಗಾಲ ಮೇಲೆ ಎದ್ದು ನಿಂತಿರತ್ತೆ, ಅದು ರಾಂಪಂಟ್. ಕೆಂಪು ಅಂದ್ರೆ ಯಾವ ಕೆಂಪು, ಕುಂಕುಮದ್ದೋ ದಾಸವಾಳದ್ದೋ, ಅದನ್ನ ಹೇಳೋದೇ ಇಲ್ಲ, ಕಲಾವಿದರಿಗೆ ಬಿಟ್ಟದ್ದು. ಇಬ್ಬರು ಬರೆದ ಸಿಂಹ ಬೇರೆ ಬೇರೆ ತರ ಕಂಡ್ರೂ ಲಾಂಛನ ಒಂದೇ.

ಒಂದು ಎಚ್ಚರಿಕೆ, ಬ್ಲೇಜನ್‌ಗಳಲ್ಲಿ ಬರೋ ಡೆಕ್ಸ್ಟರ್ ಅಂದ್ರೆ ಬಲ, ಆದ್ರೆ ಗುರಾಣಿ ಹಿಡಿದವನ ಬಲ, ಎದುರಿಗೆ ನಿಂತ ನಮಗೆ ಅದು ಎಡ. ಹೊಸಬರು ಎಡವೋದು ಇಲ್ಲೇ.

ಈ ಸಾಲಿನ ಬೆಲೆ ಗೊತ್ತಾಗಬೇಕಾದ್ರೆ 1385ರ ಜಗಳ ನೋಡ್ಬೇಕು. ಇಂಗ್ಲೆಂಡ್ ಸೇನೆ ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೋದಾಗ ಅದರಲ್ಲಿದ್ದ ಸ್ಕ್ರೋಪ್, ಗ್ರೋವ್ನರ್ ಅನ್ನೋ ಇಬ್ಬರು ನೈಟ್‌ಗಳ ಗುರಾಣಿಯೂ ‘ಅಝೂರ್, ಎ ಬೆಂಡ್ ಆರ್’, ನೀಲಿ ಮೇಲೆ ಓರೆಯಾಗಿ ಚಿನ್ನದ ಪಟ್ಟಿ. ಈ ಲಾಂಛನ ಯಾರದ್ದು ಅಂತ ಕೇಸ್ ನಡೀತು, ಇಂಗ್ಲಿಷ್ ಕವಿ ಚಾಸರ್ 1386ರಲ್ಲಿ ಬಂದು ಸಾಕ್ಷಿ ಹೇಳಿದ: ಲಂಡನ್ ಬೀದೀಲಿ ಹೋಗ್ತಾ ಒಂದು ಛತ್ರದ ಹೊರಗೆ ಈ ಗುರಾಣಿ ನೇತುಹಾಕಿರೋದು ಕಂಡೆ, ಸ್ಕ್ರೋಪ್ ಅವರದ್ದಾ ಅಂತ ಕೇಳಿದ್ರೆ ಅಲ್ಲಿದ್ದವನು ಗ್ರೋವ್ನರ್ ಅವರದ್ದು ಅಂದ, ಆ ಹೆಸರು ಕೇಳಿದ್ದೇ ಅವತ್ತು ಮೊದಲು ಅಂತ. 1390ರಲ್ಲಿ ರಾಜ ಎರಡನೇ ರಿಚರ್ಡ್ ಸ್ಕ್ರೋಪ್ ಪರ ತೀರ್ಪು ಕೊಟ್ಟ. ಗ್ರೋವ್ನರ್ ಮನೆತನ ‘ಅಝೂರ್, ಎ ಗಾರ್ಬ್ ಆರ್’ ಅಂತ ಬದಲಾಯಿಸ್ಕೊಳ್ತು, ಪಟ್ಟಿ ಇದ್ದ ಜಾಗದಲ್ಲಿ ಚಿನ್ನದ ಗೋಧಿ ಸಿವುಡು, ಅದು ಅವರ ಲಾಂಛನದಲ್ಲಿ ಇವತ್ತಿಗೂ ಇದೆ.